ಬಲಕ್ಕೇ ಹಾರುವ ಗುಬ್ಬಿ

ಶಹಾಪುರ
8 ಜನವರಿ 2025

ಖರಾದಿ ಸಾಹೇಬರಿಗೆ,

ಶರಣು. ಸುರಪುರದ ಬಸ್ಸಿನ ಕಂಡಕ್ಟರ್ ನಿನ್ನೆ ನಿಮ್ಮ ಡಬ್ಬಿಯನ್ನು ನನ್ನ ಗಲ್ಲಾದ ಮೇಲಿಟ್ಟು, "ಶೆಟ್ರೆ, ಇದರಾಗ ಏನೋ ಉಳ್ಳಾಡಾಕತ್ತದ. ಜೀವ ಇದ್ದದ್ದಲ್ಲ ಹೌದಲ್ರಿ?" ಎಂದು ಕೈ ಒರೆಸಿಕೊಂಡು ಹೋದ. ಬಿಚ್ಚಿದೆ. ಮೊದಲು ಅರಗಿನ ವಾಸನೆ ಬಂತು. ಆಮೇಲೆ ಬಣ್ಣ. ಆಮೇಲೆ ಹಕ್ಕಿಗಳು ಒಂದೊಂದಾಗಿ ಹೊರಬಂದವು: ಗುಬ್ಬಿ, ಗಿಳಿ, ಬೆಳವ, ಟಿಟ್ಟಿಭ, ಕೌಜುಗ. ನಾನು ಆಟಿಕೆ ಮಾರಲು ನಿಂತು ಅರ್ಧ ಆಯುಷ್ಯ ಕಳೆದಿದ್ದೇನೆ. ಪ್ಲಾಸ್ಟಿಕ್ಕಿನ ಸಾಮಾನು ಬಿಚ್ಚುವಾಗ ನನ್ನ ಮುಖ ಲೆಕ್ಕ ಹಾಕುತ್ತಿರುತ್ತದೆ ಎಂದು ಹೆಂಡತಿ ಅನ್ನುತ್ತಾಳೆ. ನಿನ್ನೆ ಹಾಗೆ ಇರಲಿಲ್ಲವಂತೆ.

ನನ್ನ ಪರಿಚಯ ನಿಮಗಿದೆ, ಆದರೂ ಹೇಳಿಕೊಳ್ಳುವುದು ನನ್ನ ಚಾಳಿ. ಮುದನಾಳದಿಂದ ಬಂದು ಶಹಾಪುರದ ಬಸ್‌ಸ್ಟ್ಯಾಂಡಿನಲ್ಲಿ ಗಾಳಿ ತುಂಬಿದ ಪುಗ್ಗಾ ಮಾರಿದವನು ನಾನು; ಈಗ ಅದೇ ಬಸ್‌ಸ್ಟ್ಯಾಂಡಿನ ಎದುರು ಎರಡು ಶೆಟರಿನ ಅಂಗಡಿ. ಕಲಬುರಗಿಯ ಮಕ್ಕಳ ಮಾಸಿಕಕ್ಕೆ ‘ಆಟಿಕೆ ತಕ್ಕಡಿ’ ಬರೆಯುತ್ತೇನೆ. ಒಂದು ತಟ್ಟೆಯಲ್ಲಿ ಆಟಿಕೆ, ಇನ್ನೊಂದರಲ್ಲಿ ಅದರ ಬೆಲೆ. ಯಾವುದು ತೂಗಿತೋ ಅದನ್ನೇ ಬರೆಯುತ್ತೇನೆ.

ನಮ್ಮ ಕರಾರು ಕೇಳಿಬಿಡಿ. ಫೋನು ಮಾಡಬೇಡಿ, ಫೋನಿನಲ್ಲಿ ನಾಲಿಗೆ ಮೆತ್ತಗಿದ್ದವರು ಗೆಲ್ಲುತ್ತಾರೆ, ನಾನೂ ಅದೇ ನಾಲಿಗೆಯಿಂದ ಅಂಗಡಿ ಕಟ್ಟಿದವನು. ವಿಡಿಯೊ ಕಳಿಸಬೇಡಿ, ವಿಡಿಯೊದಲ್ಲಿ ಎಲ್ಲ ಬಗರಿಗಳೂ ತಿರುಗುತ್ತವೆ. ಸುರಪುರ ಮುಕ್ಕಾಲು ತಾಸಿನ ದಾರಿ ಅಂತ ನನ್ನನ್ನು ಕರೆಯಲೂ ಬೇಡಿ. ಮಾಡಿದವರ ಮನೆಯ ಚಹಾ ಕುಡಿದರೆ ತಕ್ಕಡಿ ಬಾಗುತ್ತದೆ. ಏನಿದ್ದರೂ ಕಾಗದದಲ್ಲಿ.

ನಿಮ್ಮ ಚೀಟಿಯಲ್ಲಿ ಆಡುವ ರೀತಿ ಎರಡೇ ಸಾಲು ಇದೆ: ಹಕ್ಕಿಯ ಹೆಗಲ ಮೇಲಿನ ಸುರುಳಿ ಗೆರೆಯಲ್ಲಿ ಚಾಟಿ ಸುತ್ತಿ, ಒಂದು ಕೈಯಲ್ಲಿ ಹಿಡಿಕೆ ಇರುವ ಬುರುಡೆಯ ಗೂಡು ಹಿಡಿದು, ಇನ್ನೊಂದು ಕೈಯಿಂದ ಎಳೆದು ಬಿಡಬೇಕು, ಹಕ್ಕಿ ಜಿಗಿದು ಗೂಡಿನಲ್ಲಿ ಕೂತು, ತಿರುಗುತ್ತ ಹಾಡುತ್ತದೆ. ಹಾಡುತ್ತದೆ ಎಂಬ ಮಾತಿಗೆ ಅಡಿಗೆರೆ ಎಳೆದಿದ್ದೀರಿ. ನೋಡೋಣ.

ಒಂದು ಅನುಮಾನ. ಡಬ್ಬಿಯಲ್ಲಿ ಆರು ಕುಳಿಗಳಿವೆ, ಹಕ್ಕಿ ಐದೇ. ಆರನೆಯದು ಕಂಡಕ್ಟರನ ಕಿಸೆಗೆ ಹಾರಿತೇ?

ಇಂತಿ,
ಪಂಪಣ್ಣ


ರಂಗಂಪೇಟ, ಸುರಪುರ
13 ಜನವರಿ 2025

ಪಂಪಣ್ಣ ಶೆಟ್ಟರಿಗೆ,

ಸಲಾಮ್. ನಾನು ಸಾಹೇಬಳಲ್ಲ. ನ. ಖರಾದಿ ಅಂದರೆ ನಜೀಮಾ. ಅಜ್ಜ ಖರಾದಿ, ಅಪ್ಪ ಖರಾದಿ. ಮರ ಕಡೆಯುವ ಕೆಲಸವೇ ನಮ್ಮ ಅಡ್ಡಹೆಸರು. ಅಣ್ಣ ಅತೀಕ ಮಂಚದ ಕಾಲು ಮಾಡಿಸುತ್ತಾನೆ, ನಾನು ಹಕ್ಕಿ ಮಾಡುತ್ತೇನೆ.

ಆರನೆಯದು ನವಿಲು. ಅದನ್ನು ಕಳಿಸಿಲ್ಲ, ಮಾರುವುದೂ ಇಲ್ಲ. ಐದೂ ಹಕ್ಕಿಯನ್ನು ಗೂಡು ಸೇರಿಸಿದವರಿಗೆ ಮಾತ್ರ ನವಿಲು. ಅಜ್ಜನ ಕಾಲದಿಂದ ನಮ್ಮ ಮನೆಯ ಮಕ್ಕಳಿಗೆ ಇದೇ ಕಾಯಿದೆ. ನನಗೆ ಸಿಕ್ಕಾಗ ನಾನು ಅದನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡು ಮಲಗಿದ್ದೆ, ಕತ್ತು ನೋವು ಬಂದಿತ್ತು.

ಒಂದು ಮಾತು ಬರೆಯಬಾರದು ಅಂದುಕೊಂಡಿದ್ದೆ. ಬರೆಯದಿದ್ದರೆ ಮುಚ್ಚಿಟ್ಟ ಹಾಗಾಗುತ್ತದೆ. ನಮ್ಮಲ್ಲಿರುವುದು ಅಜ್ಜನ ಕೈ-ಖರಾದಿ, ಬಿಲ್ಲಿನಂಥ ಕಮಾನು ಎಳೆದು ಮರ ತಿರುಗಿಸುವಂಥದ್ದು. ಇರುವುದು ಒಂದೇ ಕೋಣೆ. ರಂಜಾನ್ ಮುಗಿದರೆ ಮದುವೆ ಸುಗ್ಗಿ, ಮಂಚಕ್ಕೆ ಬೇಡಿಕೆ. ಅಣ್ಣ ಮೋಟರಿನ ಖರಾದಿ ತಂದು ಜಗುಲಿಯಲ್ಲಿ ಗೋಣಿಚೀಲ ಹೊದಿಸಿ ಇಟ್ಟಿದ್ದಾನೆ. ಅಜ್ಜನದು ತೆಗೆದರೇ ಅದು ಒಳಗೆ ಬರುವುದು. ಅವನ ಮಾತು ಇದು: "ತಕ್ಕಡಿಯಾಗ ಛಲೋ ಬರೀಲಿ, ಅಜ್ಜಂದು ಇರ್ಲಿ. ಬರೀಲಿಲ್ಲಂದ್ರ ಈದ್ ಮರುದಿನ ತೆಗೀತೀನಿ. ಆಮ್ಯಾಲ ಅಳಬ್ಯಾಡ." ಅಂಗಡಿಯವರು ನಿಮ್ಮ ತಕ್ಕಡಿ ನೋಡಿ ಸಾಮಾನು ತರಿಸುತ್ತಾರೆ ಅಂತ ಅವನಿಗೆ ಯಾರೋ ಹೇಳಿದ್ದಾರೆ.

ಹಕ್ಕಿ ಗೂಡು ಸೇರಿದ ಮೇಲಷ್ಟೇ ಹಾಡುತ್ತದೆ. ಹೊಟ್ಟೆಯ ಸೀಳಿಗೆ ಗಾಳಿ ಹೊಕ್ಕು, ಗೂಡಿನ ಬುರುಡೆಯಲ್ಲಿ ದನಿ ಕೂಡಿ ಬರುತ್ತದೆ. ಗುಬ್ಬಿಯಿಂದ ಶುರು ಮಾಡಿ. ಅದು ಬಡಪಾಯಿ, ಯಾರಿಗಾದರೂ ಬರುತ್ತದೆ.

ಇಂತಿ,
ನಜೀಮಾ


ಶಹಾಪುರ
27 ಜನವರಿ 2025

ನಜೀಮಾ ಅವರಿಗೆ,

ಶರಣು. ನಿಮ್ಮ ಅಜ್ಜನ ಖರಾದಿಯನ್ನು ತಂದು ನನ್ನ ತಕ್ಕಡಿಯಲ್ಲಿಟ್ಟಿರಿ. ದಯವಿಟ್ಟು ಇಳಿಸಿಕೊಳ್ಳಿ. ನಾನು ಹಕ್ಕಿಯನ್ನು ಮಾತ್ರ ತೂಗುವವನು.

ತೂಗಿದ್ದು ಹೇಳುತ್ತೇನೆ. ನಿಮ್ಮ ಬಡಪಾಯಿ ಗುಬ್ಬಿ ಯಾರ ಮಾತೂ ಕೇಳಲಿಲ್ಲ. ಶಾಲೆ ಬಿಟ್ಟ ಮೇಲೆ ನನ್ನ ಗಲ್ಲಾದ ಮುಂದೆ ಮಕ್ಕಳ ಸಾಲು ನಿಲ್ಲುತ್ತದೆ. ಒಬ್ಬೊಬ್ಬರಿಗೂ ಕೊಟ್ಟು ನೋಡಿದೆ. ಹಕ್ಕಿ ಜಿಗಿಯುತ್ತದೆ, ಚಂದವಾಗಿಯೇ ಜಿಗಿಯುತ್ತದೆ, ಜಿಗಿದು ನೆಲಕ್ಕೆ ಬೀಳುತ್ತದೆ. ಎದುರಿನ ಕಿರಾಣಿ ಅಂಗಡಿಯ ಭಾಗಣ್ಣ ಸಕ್ಕರೆ ಕಟ್ಟುವುದು ಬಿಟ್ಟು ಬಂದ.

"ಕೊಡು ಇಲ್ಲಿ. ಸಣ್ಣಾವ ಇದ್ದಾಗ ಬಗರಿಯಾಗ ನನ್ನ ಮೀರಸೋರು ಇರ್ಲಿಲ್ಲ."

ಎಳೆದ. ಗುಬ್ಬಿ ಹೋಗಿ ಅವನದೇ ಅಂಗಡಿಯ ಕಡಲೆಬೇಳೆ ಚೀಲದಲ್ಲಿ ಮುಳುಗಿತು.

"ಇದು ಗುಬ್ಬಿ ಅಲ್ಲೋ ಪಂಪಣ್ಣ, ಗಿರಾಕಿ. ಕಾಳಿದ್ದಲ್ಲೇ ಹೋಗ್ತದ."

ಹಾಡಿನ ಮಾತಂತೂ ದೂರ. ಗೂಡು ಸೇರಿದರೆ ತಾನೆ ಹಾಡು. ಹಾಡುವ ಹಕ್ಕಿ ಎಂದು ಬರೆದು ಮೂಕ ಹಕ್ಕಿ ಮಾರಿದರೆ ನಮ್ಮ ಕಡೆ ಅದಕ್ಕೆ ಬೇರೆ ಹೆಸರಿದೆ.

ಆದರೂ ಒಂದು ಸಂಗತಿ ನನ್ನ ಕಣ್ಣಿಗೆ ಚುಚ್ಚುತ್ತಿದೆ. ಬಾರದವರ ಕೈಯಲ್ಲಿ ಬಗರಿ ದಿಕ್ಕುದಿಕ್ಕಿಗೆ ಬೀಳಬೇಕು. ನಿಮ್ಮದು ಎಲ್ಲರ ಕೈಯಲ್ಲೂ ಬಲಕ್ಕೇ ಬೀಳುತ್ತದೆ. ದೊಡ್ಡವರು ಎಳೆಯಲಿ, ಸಣ್ಣವರು ಎಳೆಯಲಿ, ಬಲಕ್ಕೇ. ತೂಕ ಒಮ್ಮೆ ಹೆಚ್ಚು ಒಮ್ಮೆ ಕಡಿಮೆ ಬಂದರೆ ತೂಗುವವನ ಕೈ ತಪ್ಪು. ಯಾವಾಗಲೂ ಒಂದೇ ಕಡೆ ತಪ್ಪಿದರೆ ತಕ್ಕಡಿ ನೋಡಬೇಕಾಗುತ್ತದೆ. ನಿಮ್ಮ ಮರದಲ್ಲಿ ಸೊಟ್ಟ ಇರಬಹುದೇ?

ಇಂತಿ,
ಪಂಪಣ್ಣ


ರಂಗಂಪೇಟ
30 ಜನವರಿ 2025

ಶೆಟ್ಟರಿಗೆ,

ನಮ್ಮ ಮರದಲ್ಲಿ ಸೊಟ್ಟ ಇಲ್ಲ. ಬೇವಿನ ಕಟ್ಟಿಗೆ, ಎರಡು ಮಳೆಗಾಲ ನೆರಳಿನಲ್ಲಿ ಒಣಗಿದ್ದು.

ನಿಮ್ಮ ಕಾಗದ ಓದಿ ನಿನ್ನೆ ಅಣ್ಣನ ಮಕ್ಕಳ ಕೈಗೆ ಗುಬ್ಬಿ ಕೊಟ್ಟೆ. ಸಣ್ಣವಳು ಕಣ್ಣು ಮುಚ್ಚಿ ಗೂಡು ಸೇರಿಸಿದಳು. ಮೂಕ ಅಂದಿರಲ್ಲ, ಪಕ್ಕದ ಮನೆಯವರು ಗೋಡೆ ಬಡಿದು, "ಸಾಕು ಮಾಡ್ರವ್ವ, ಮಗಾ ಮಲಗ್ಯದ" ಅಂದರು. ಹಾಗಾದರೆ ಸೊಟ್ಟ ಎಲ್ಲಿದೆ ಶೆಟ್ಟರೆ? ಶಹಾಪುರದ ಮಕ್ಕಳ ಬೆರಳು ಮೊಬೈಲ್ ಒರೆಸಿ ಒರೆಸಿ ಸವೆದಿರಬೇಕು. ದೊಡ್ಡವರದೂ.

ಆದರೂ ನಿಮ್ಮ ಮಾತಿಗೆ ಬೆಲೆ ಕೊಟ್ಟು ಹೊಸ ಗುಬ್ಬಿ ಕಳಿಸಿದ್ದೇನೆ. ಎಡಹೊಟ್ಟೆಗೆ ತುಸು ಹೆಚ್ಚು ಮರ ಬಿಟ್ಟಿದ್ದೇನೆ, ಬಲಕ್ಕೆ ಹೋಗಬಾರದು ಅಂತ. ಇಲ್ಲಿ ಅದು ಗೂಡು ಸೇರುವುದಿಲ್ಲ. ನಿಮ್ಮಲ್ಲಿ ಸೇರಲಿ.

ನಜೀಮಾ


ಶಹಾಪುರ
12 ಫೆಬ್ರುವರಿ 2025

ನಜೀಮಾ ಅವರಿಗೆ,

ಹೊಟ್ಟೆ ದಪ್ಪ ಮಾಡಿದ ಗುಬ್ಬಿ ಕುಡಿದವರ ಹಾಗೆ ತೂರಾಡುತ್ತದೆ. ತೂರಾಡಿ, ಬಲಕ್ಕೇ ಬೀಳುತ್ತದೆ.

ಕಣ್ಣು ಮುಚ್ಚಿ ಗೂಡು ಸೇರಿಸುವ ಮಗು ನಿಮ್ಮ ಮನೆಯಲ್ಲಿದೆ ಎಂದು ಬರೆದಿದ್ದೀರಿ. ಪ್ರತಿಯೊಬ್ಬ ವ್ಯಾಪಾರಿಯ ಮನೆಯಲ್ಲೂ ಅಂಥ ಮಗು ಇರುತ್ತದೆ. ನಾನು ಪುಗ್ಗಾ ಮಾರುವಾಗ ನನ್ನ ಪುಗ್ಗಾ ಎಂದೂ ಒಡೆಯುವುದಿಲ್ಲ ಅನ್ನುತ್ತಿದ್ದೆ.

ಯಾದಗಿರಿಗೆ ಸಾಮಾನು ತರಲು ಹೋದಾಗ ಹಕ್ಕಿಗಳನ್ನು ಒಯ್ದು, ಅಲ್ಲಿ ನಾಲ್ಕನೆಯ ಇಯತ್ತೆಗೆ ಕಲಿಸುವ ಮಗಳು ಮಹಾನಂದಾಳ ಕೈಗೂ ಕೊಟ್ಟೆ. ಅವಳು ನಾಲ್ಕಾರು ಸಲ ಎಳೆದು, "ಅಪ್ಪಾ, ಇದನ್ನ ಕಪಾಟಿನಾಗ ಇಟ್ಟು ನೋಡೂದು ಛಲೋ" ಅಂದಳು. ನನ್ನ ತೀರ್ಪೂ ಬಹುಶಃ ಅದೇ: ನೋಡಲು ಚಂದ, ಆಡಲು ಬಾರದು. ಬೇಸಿಗೆ ಸಂಚಿಕೆಗೆ ಮಾರ್ಚ್ ಎರಡನೆಯ ವಾರದೊಳಗೆ ಬರಹ ಹೋಗಬೇಕು. ಅಷ್ಟರಲ್ಲಿ ನಿಮ್ಮದೇನಾದರೂ ಹೇಳುವುದಿದ್ದರೆ ಹೇಳಿ.

ಹಕ್ಕಿಗಳು ಗಾಜಿನ ಕಪಾಟಿನಲ್ಲಿ ಸುರಕ್ಷಿತವಾಗಿವೆ.

ಪಂಪಣ್ಣ


ರಂಗಂಪೇಟ
23 ಫೆಬ್ರುವರಿ 2025

ಶೆಟ್ಟರಿಗೆ,

ಹೇಳುವುದು ಏನೂ ಇಲ್ಲ. ಹಕ್ಕಿಗಳನ್ನು ವಾಪಸ್ ಕಳಿಸಿರಿ. ಕಪಾಟಿನಲ್ಲಿಡಲು ಮಾಡಿದವಲ್ಲ.

ಅಣ್ಣ ಮೋಟರಿನ ಗೋಣಿಚೀಲ ಬಿಚ್ಚಿ ಎಣ್ಣೆ ಹಾಕಿ ನೋಡುತ್ತಿದ್ದಾನೆ.

ನಜೀಮಾ


ಶಹಾಪುರ
1 ಮಾರ್ಚ್ 2025

ತಂಗಿ ನಜೀಮಾಳಿಗೆ,

ಹಕ್ಕಿ ವಾಪಸ್ ಕಳಿಸುವುದಿಲ್ಲ. ಅಕ್ಷರ ಕೋಳಿ ಕೆದರಿದ ಹಾಗಿದ್ದರೆ ಓದುವುದನ್ನು ಅರ್ಧಕ್ಕೆ ಬಿಡಬೇಡ, ಯಾಕೆ ಹಾಗಿದೆ ಅನ್ನುವುದೇ ಇವತ್ತಿನ ಸುದ್ದಿ. ಇದು ನನ್ನ ಎಡಗೈ ಬರಹ.

ಶಿವರಾತ್ರಿಯ ಮರುದಿನ ಅಂಗಡಿ ತೆಗೆಯುವಾಗ ಶೆಟರು ನನ್ನ ಬಲಗೈಯ ಎರಡು ಬೆರಳನ್ನು ಕಚ್ಚಿತು. ಮುರಿದಿಲ್ಲ, ಬಾತಿವೆ. ಡಾಕ್ಟರರು ದಪ್ಪಗೆ ಪಟ್ಟಿ ಸುತ್ತಿದರು. ಅಂಗಡಿ ಮುಚ್ಚುವ ಪೈಕಿ ನಾನಲ್ಲ, ಎಡಗೈಯಲ್ಲೇ ವ್ಯಾಪಾರ ಶುರು ಮಾಡಿದೆ. ಈಗ ನಮ್ಮ ಗಲ್ಲಾದ ಕಾಯಿದೆ ಕೇಳು. ನನ್ನ ಅಂಗಡಿಯಲ್ಲಿ ಯಾರೂ ಎಡಗೈಯಲ್ಲಿ ಕೊಡುವಂತಿಲ್ಲ, ತೆಗೆದುಕೊಳ್ಳುವಂತಿಲ್ಲ, ಸಾಮಾನು ಮುಟ್ಟುವಂತೆಯೂ ಇಲ್ಲ. ಮಗು ಎಡಗೈ ಚಾಚಿದರೆ ನಾನೇ, "ಆ ಕೈ ಕೆಳಗ, ಈ ಕೈ ಮ್ಯಾಲ" ಅನ್ನುತ್ತೇನೆ. ಬಜಾರಿನಲ್ಲಿ ಎಲ್ಲರದೂ ಇದೇ ಪದ್ಧತಿ, ನಾನು ತುಸು ಜೋರು.

ಮೊದಲ ಗಿರಾಕಿ ಭಾಗಣ್ಣ. ಚಿಲ್ಲರೆ ಬೇಕು ಎಂದು ಬಂದ. ಕೊಟ್ಟೆ. ಹಿಂದೆ ಸರಿದ.

"ಆ ಕೈಲೆ ಕೊಡಬ್ಯಾಡೋ ಮಾರಾಯಾ, ಬೋಣಿ ಹೊತ್ತು."

"ಈ ಕೈಗೆ ಪಟ್ಟಿ ಸುತ್ಯಾರ. ನಿನ್ನ ಕಣ್ಣಿಗೂ ಸುತ್ಯಾರೇನು?"

"ಹಂಗಾರ ಮ್ಯಾಲ ಇಡು, ನಾ ತಗೋತೀನಿ."

ಇಡಲಿಲ್ಲ. ಹಟ ಬಂತು. "ಭಾಗಣ್ಣ, ಇವತ್ತು ಮುಂಜಾನಿ ಲಿಂಗ ಯಾವ ಕೈಯಾಗ ಇಟ್ಕೊಂಡು ಪೂಜಿ ಮಾಡ್ದಿ?"

ನಿನಗೆ ಗೊತ್ತಿರಲಿಕ್ಕಿಲ್ಲ, ನಾವು ಕೊರಳಲ್ಲಿ ಕಟ್ಟಿಕೊಂಡ ಇಷ್ಟಲಿಂಗವನ್ನು ಪೂಜೆಯ ಹೊತ್ತಿಗೆ ಬಿಚ್ಚಿ ಎಡ ಅಂಗೈಯಲ್ಲಿ ಇಟ್ಟುಕೊಳ್ಳುತ್ತೇವೆ. ಭಾಗಣ್ಣ ತನ್ನ ಎಡಗೈ ತಿರುಗಿಸಿ ನೋಡಿಕೊಂಡ.

"ಅದು ಬ್ಯಾರೆ."

"ಕೈ ಬ್ಯಾರೆ ಏನು?"

"ಹೊತ್ತು ಬ್ಯಾರೆ" ಎಂದು ಚಿಲ್ಲರೆ ಬಿಟ್ಟೇ ಹೋದ.

ಅವನಿಗೆ ಹಾಕಿದ ಪ್ರಶ್ನೆ ತಿರುಗಿ ನನ್ನ ಎದುರೇ ಕೂತಿತು. ಮುದನಾಳದಲ್ಲಿ ಗೋಲಿ ಆಡುವಾಗ ಹುಡುಗರು ನನ್ನನ್ನು ರೊಡ್ಡ ಅನ್ನುತ್ತಿದ್ದರು, ಎಡಗೈಯವನು ಅಂತ. ಎಡಗೈಯಲ್ಲಿ ನನ್ನ ಗುರಿ ತಪ್ಪುತ್ತಿರಲಿಲ್ಲ. ಪುಗ್ಗಾ ಮಾರಲು ಬಸ್‌ಸ್ಟ್ಯಾಂಡಿಗೆ ಬಂದ ದಿನ, ಗಿರಾಕಿ ಮುಖ ಸಿಂಡರಿಸಿದ್ದು ಕಂಡು, ಆ ಕೈಯನ್ನು ಕಿಸೆಯಲ್ಲಿಟ್ಟೆ. ತೆಗೆಯುವುದು ಮರೆತುಹೋಗಿತ್ತು.

ಮಧ್ಯಾಹ್ನ ಗಿರಾಕಿ ಇರಲಿಲ್ಲ. ಕಪಾಟಿನಿಂದ ನಿನ್ನ ಗುಬ್ಬಿ ತೆಗೆದೆ. ಕಪಾಟಿನಲ್ಲಿ ಸುರಕ್ಷಿತವಾಗಿವೆ ಎಂದು ಬರೆದಿದ್ದೆನಲ್ಲ, ಅದು ಪೂರ್ತಿ ನಿಜವಲ್ಲ. ದಿನಾ ಮಧ್ಯಾಹ್ನ ಅರ್ಧ ಶೆಟರು ಇಳಿಸಿಕೊಂಡು ಎಳೆಯುತ್ತಿದ್ದೆ. ಹಾಡು ಕೇಳದೆ ತೀರ್ಪು ಬರೆಯಲು ಮನಸ್ಸು ಒಪ್ಪುತ್ತಿರಲಿಲ್ಲ. ಅವತ್ತು ಪಟ್ಟಿ ಸುತ್ತಿದ ಬಲಗೈಯಿಂದ ಚಾಟಿ ಹಿಡಿಯಲು ಆಗಲಿಲ್ಲ. ಗೂಡಿನ ಹಿಡಿಕೆ ಅಂಗೈಯಲ್ಲಿ ಕೂತಿತು. ಚಾಟಿಯನ್ನು ಎಡಗೈಗೆ ತೆಗೆದುಕೊಂಡು ಎಳೆದೆ.

ಗುಬ್ಬಿ ಜಿಗಿಯಿತು. ಬಲಕ್ಕೇ ಜಿಗಿಯಿತು, ಎಂದಿನ ಹಾಗೆ. ಆದರೆ ಅವತ್ತು ಬಲಕ್ಕೆ ಗೂಡು ಇತ್ತು.

ತಂಗಿ, ಅದು ಹಾಡಿತು. ಮೊದಲು ಸಣ್ಣಗೆ, ದೂರದ ಹೊಲದಲ್ಲಿ ಯಾರೋ ಕರೆದ ಹಾಗೆ. ಆಮೇಲೆ ಗೂಡು ತುಂಬಿ ದನಿ ನನ್ನ ಮೊಳಕೈವರೆಗೆ ನಡುಗುತ್ತ ಏರಿತು. ಅದು ನಿಲ್ಲುವವರೆಗೆ ನಾನು ಉಸಿರು ಬಿಟ್ಟಿರಲಿಲ್ಲ. ಮತ್ತೆ ಎಳೆದೆ. ಗಿಳಿ ಹಾಡಿತು. ಬೆಳವ ಹಾಡಿತು, ಗಂಟಲಲ್ಲಿ ಗುಟುಗುಟು ಅನ್ನುತ್ತದಲ್ಲ, ಥೇಟ್ ಅದೇ. ಟಿಟ್ಟಿಭ ನಾಲ್ಕು ಸಲ ಜಾರಿ ಐದಕ್ಕೆ ಬಂತು. ಭಾಗಣ್ಣ ಅಂಗಡಿ ಬಿಟ್ಟು ಓಡಿ ಬಂದು, "ಏನೋ ಅದು, ನನಗೂ ಕೊಡು" ಅಂದ. ಕೊಟ್ಟೆ, ಎಡಗೈಯಲ್ಲೇ. ತೆಗೆದುಕೊಂಡ.

ನಿನ್ನ ಮರದಲ್ಲಿ ಸೊಟ್ಟ ಇಲ್ಲ. ಆ ಸುರುಳಿ ಗೆರೆ ಹಕ್ಕಿಯನ್ನು ಯಾವಾಗಲೂ ಬಲಕ್ಕೇ ಹಾರಿಸುತ್ತದೆ. ನಮ್ಮ ಮಕ್ಕಳು ಚಾಟಿ ಬಲಗೈಯಲ್ಲಿ ಎಳೆಯುತ್ತಾರೆ, ಗೂಡು ಎಡಗೈಯಲ್ಲಿ ಹಿಡಿಯುತ್ತಾರೆ. ಪಾಪದ ಹಕ್ಕಿ ಇಲ್ಲದ ಗೂಡಿಗೆ ಹೋಗಿ ಬೀಳುತ್ತಿತ್ತು.

ಒಂದೇ ಪ್ರಶ್ನೆ, ಬಸ್ಸಿನಲ್ಲೇ ಉತ್ತರ ಕಳಿಸು. ನಿಮ್ಮ ಮನೆಯಲ್ಲಿ ಚಾಟಿ ಯಾವ ಕೈಯಿಂದ ಎಳೆಯುತ್ತೀರಿ? ಚೀಟಿಯಲ್ಲಿ ಯಾಕೆ ಬರೆಯಲಿಲ್ಲ?

ನಿನ್ನ ಪಂಪಣ್ಣ


ರಂಗಂಪೇಟ
4 ಮಾರ್ಚ್ 2025

ಪಂಪಣ್ಣ ಕಾಕಾಗೆ,

ಸಲಾಮ್. ರೋಜಾ ಉಪವಾಸ ಇದ್ದಾಗ ಹೀಗೆ ನಗಿಸಬಾರದು, ಬಾಯಿ ಒಣಗಿ ಸಂಜೆ ದೂರಾಗುತ್ತದೆ. ನಿಮ್ಮ ಕಾಗದವನ್ನು ಅಮ್ಮಿಗೆ ಓದಿ ಹೇಳಿದೆ. ಅವಳು ಹಳೆಯ ಕಾಗದದ ಕಡಲೆಬೇಳೆ ಚೀಲದಿಂದ ಹಿಡಿದು ಎಲ್ಲ ಇನ್ನೊಮ್ಮೆ ಓದಿಸಿದಳು.

ಎಡಗೈಯಿಂದಲೇ ಎಳೆಯುತ್ತೇವೆ. ಎಲ್ಲರೂ. ಬರೆಯಲಿಲ್ಲ ಯಾಕೆಂದರೆ ಅದು ಬರೆಯುವ ಸಂಗತಿ ಅಂತ ಗೊತ್ತಿರಲಿಲ್ಲ. ಉಣ್ಣುವುದು ಬಲಗೈ, ಬರೆಯುವುದು ಬಲಗೈ, ಖರಾದಿಗೆ ಕೂತರೆ ಎಡಗೈ. ನಾವು ಹುಟ್ಟಿದಾಗಿನಿಂದ ಹಾಗೇ. ನೀವು ಕೇಳಿದ ಮೇಲೆ ಅಮ್ಮಿಯನ್ನು ಕೇಳಿದೆ, ನಾವೆಲ್ಲ ಎಡಚರಾ ಅಂತ. ಅವಳು ಸೌಟು ಹಿಡಿದೇ ಬಂದು ಕೋಣೆಯ ಗೋಡೆ ತೋರಿಸಿದಳು.

"ನಿಮ್ಮಜ್ಜ ಏನ್ ಎಡಚ ಇರ್ಲಿಲ್ಲ. ಈ ಗ್ವಾಡಿ ನೋಡು. ಬಲಗೈಲೆ ಕಮಾನ ಎಳದ್ರ ಮೊಳಕೈ ಗ್ವಾಡಿಗೆ ಬಡೀತದ. ಹೊಸದಾಗಿ ಬಂದಾಗ ಬಡ್ಕೊಂಡು ಬಡ್ಕೊಂಡು, ಆಮ್ಯಾಲ ಕೈ ಬದ್ಲಿ ಮಾಡ್ಯಾರ."

ಇಷ್ಟೇ ಕಾಕಾ. ಖರಾದಿಯ ಬಲಕ್ಕೆ ಗೋಡೆ ಒತ್ತಿಕೊಂಡಿದೆ. ಅಜ್ಜ ಕೈ ಬದಲಿಸಿದ, ಅಪ್ಪ ಅಜ್ಜನನ್ನು ನೋಡಿ ಕಲಿತ, ನಾವು ಅಪ್ಪನನ್ನು ನೋಡಿ. ಕಮಾನು ಎಳೆದ ಕೈಯೇ ಚಾಟಿಯನ್ನೂ ಎಳೆಯುತ್ತದೆ. ಹಕ್ಕಿಯನ್ನು ಮನೆಯ ಮಕ್ಕಳ ಕೈಯಲ್ಲಿ ಬಿಟ್ಟು ಬೇರೆ ಯಾರ ಕೈಯಲ್ಲೂ ನೋಡಿರಲಿಲ್ಲ. ಒಂದು ಗೋಡೆಗಾಗಿ ನಾನು ನಿಮ್ಮೂರಿನ ಮಕ್ಕಳ ಬೆರಳಿಗೆ ಏನೇನೋ ಅಂದೆ.

ಈಗ ಹೆದರಿಕೆ ಬೇರೆ. ಅಣ್ಣ ಇದನ್ನು ಕೇಳಿ, "ಹಂಗಾರ ನಿನ್ನ ಹಕ್ಕಿ ಎಡಚರಿಗೆ ಅಷ್ಟ. ಯಾವ ತಾಯಿ ಎಡಗೈ ಆಟಿಗಿ ಕೊಡಸ್ತಾಳ?" ಅಂದ. ನಿಮ್ಮ ಗಲ್ಲಾದ ಕಾಯಿದೆ ನೀವೇ ಬರೆದಿದ್ದೀರಿ. ತಕ್ಕಡಿಯಲ್ಲಿ ಎಡಗೈ ಅನ್ನುವ ಮಾತು ಬಿಟ್ಟು ಬರೆಯಲು ಆಗುತ್ತದಾ?

ನಜೀಮಾ


ಶಹಾಪುರ
10 ಮಾರ್ಚ್ 2025

ತಂಗಿ ನಜೀಮಾ,

ಆಗುವುದಿಲ್ಲ. ಯಾಕೆ ಅಂತ ಕೇಳು.

ನಿನ್ನ ಅಣ್ಣನ ಪ್ರಶ್ನೆ ನನ್ನದೂ ಆಗಿತ್ತು. ವ್ಯಾಪಾರಿಗೆ ವ್ಯಾಪಾರಿಯ ಸಂಕಟ ತಿಳಿಯುತ್ತದೆ. ಅದಕ್ಕೇ ಶನಿವಾರ ಹಕ್ಕಿಗಳನ್ನು ಕಟ್ಟಿಕೊಂಡು ಯಾದಗಿರಿಗೆ ಹೋಗಿ ಮಹಾನಂದಾಳ ವರ್ಗದಲ್ಲಿ ನಿಂತೆ.

"ಎಡಗೈಯವರು ಯಾರ್ಯಾರು ಅದೀರಿ, ಕೈ ಎತ್ರಿ."

ಒಂದು ಕೈಯೂ ಏಳಲಿಲ್ಲ. "ಯಾರೂ ಇಲ್ಲೇನು? ಇಲ್ಲ ಅನ್ನೋರು ಎತ್ರಿ." ಎಲ್ಲರೂ ಎತ್ತಿದರು, ಬಲಗೈ. ನನ್ನ ಲೆಕ್ಕ ಅಲ್ಲೇ ಮುಗಿಯಬೇಕಿತ್ತು. ಆದರೆ ಇಡೀ ವರ್ಗದಲ್ಲಿ ಒಂದೂ ಎಡಗೈ ಇಲ್ಲ ಅಂದರೆ, ಅದು ಲೆಕ್ಕವಲ್ಲ, ಹೆದರಿಕೆ. ಗೂಡು ಮತ್ತು ಗುಬ್ಬಿಯನ್ನು ನಡುವೆ ಇಟ್ಟೆ. ಯಾವ ಕೈಯಿಂದ ಬೇಕಾದರೂ ಎಳೆಯಿರಿ, ಬೈಯುವುದಿಲ್ಲ ಅಂದೆ.

ಹಿಂದಿನ ಸಾಲಿನಿಂದ ಒಂದು ಹುಡುಗಿ ಎದ್ದಳು. ಮಲ್ಲೇಶ್ವರಿ ಅಂತ, ಕೊಂಕಲ್ ಕಡೆಯ ಕುರಿ ಸಾಕುವವರ ಮನೆಯವಳು.

"ಖರೇನ ಬೈಯಂಗಿಲ್ಲೇನ್ರಿ?"

"ಇಲ್ಲವಾ."

"ನೀವು ಬೈಯಂಗಿಲ್ಲ. ಮೇಡಮ್ಮಾರು?"

ಮಹಾನಂದಾ ಕಿಟಕಿ ಕಡೆ ಮುಖ ಮಾಡಿ, "ನಾ ಏನೂ ನೋಡಾಕತ್ತಿಲ್ಲ" ಅಂದಳು.

ಹುಡುಗಿ ಎಡಗೈ ಚಾಚಿದಳು. ಆ ಕೈಯಿಂದ ಕವಣೆ ಬೀಸಿ ಅಭ್ಯಾಸವಿತ್ತೋ ಏನೋ, ಎರಡನೆಯ ಎಳೆತಕ್ಕೇ ಗುಬ್ಬಿ ಕೂತಿತು, ಹಾಡಿತು. ಆಮೇಲೆ ಬಾಗಿಲ ಬಳಿಯ ಒಬ್ಬ ಹುಡುಗ, "ಸರ, ನಂದೂ ಒಂಚೂರು ಎಡಗೈ ಅದರಿ" ಅಂದ. ಅವನ ಹಿಂದೆ ಇನ್ನೊಬ್ಬಳು. ಬಲಗೈಯವರೂ, "ನಾವೂ ಕಲೀತೀವ್ರಿ" ಎಂದು ಸಾಲು ಹಚ್ಚಿದರು. ಗಂಟೆ ಹೊಡೆದದ್ದು ಯಾರಿಗೂ ಕೇಳಲಿಲ್ಲ. ಮಲ್ಲೇಶ್ವರಿ ಮನೆಗೆ ಹೋಗುವಷ್ಟರಲ್ಲಿ ಕೌಜುಗದವರೆಗೆ ಐದನ್ನೂ ಗೂಡು ಸೇರಿಸಿದ್ದಳು. ಮೊದಲ ಸಾಲಿನ ಹುಡುಗರು ಅವಳ ದಫ್ತರ ಹೊತ್ತುಕೊಂಡು ಹೋದದ್ದನ್ನು ಮಹಾನಂದಾ ತೋರಿಸಿದಳು. ಮಗಳೂ ಎಡಗೈಯಲ್ಲಿ ತಾಲೀಮು ಮಾಡುತ್ತಿದ್ದಾಳೆ, ಅಪ್ಪನಿಗೆ ಗೊತ್ತಿಲ್ಲ ಅಂದುಕೊಂಡಿದ್ದಾಳೆ.

ಬರಹ ನಿನ್ನೆಯೇ ಕಲಬುರಗಿಗೆ ಹೋಯಿತು. ನೀನು ಮೊದಲೇ ಓದಬೇಕು ಅಂತ ಅದರ ಮುಖ್ಯ ಭಾಗ ಇಲ್ಲಿ ಇಳಿಸುತ್ತೇನೆ:

“ಮಕ್ಕಳೇ, ಈ ಗುಬ್ಬಿ ಎಡಗೈಯದು. ಚಾಟಿ ಎಡಗೈಯಲ್ಲಿ, ಗೂಡು ಬಲಗೈಯಲ್ಲಿ. ನೀವು ಎಡಗೈಯವರಾದರೆ ಇಷ್ಟು ದಿನ ಕತ್ತರಿಯಿಂದ ಹಿಡಿದು ಬೆಂಚಿನವರೆಗೆ ಎಲ್ಲ ಸಾಮಾನೂ ನಿಮಗೆ ಉಲ್ಟಾ ಇತ್ತು. ಇದೊಂದು ನಿಮಗೆ ಸರಿಯಾಗಿದೆ. ಬಲಗೈಯವರಾದರೆ ಎಡಗೈಯವರ ಹತ್ತಿರ ಹೋಗಿ ಕಲಿಯಿರಿ, ವಿನಯದಿಂದ ಕೇಳಿದರೆ ಹೇಳಿಕೊಡುತ್ತಾರೆ. ದೋಷವನ್ನೂ ಹೇಳಬೇಕು: ಚೀಟಿಯಲ್ಲಿ ಯಾವ ಕೈ ಅಂತ ಬರೆದಿಲ್ಲ, ಕೌಜುಗ ಬಹಳ ಜಂಬದ್ದು, ಚಾಟಿ ಬೇಗ ಸವೆಯುತ್ತದೆ. ನವಿಲನ್ನು ದುಡ್ಡು ಕೊಟ್ಟು ಕೊಳ್ಳಲಾಗುವುದಿಲ್ಲ, ಗೆಲ್ಲಬೇಕು. ನನ್ನ ತಕ್ಕಡಿಯಲ್ಲಿ ಹಕ್ಕಿಯ ತಟ್ಟೆ ಕೆಳಗಿದೆ, ಬೆಲೆಯ ತಟ್ಟೆ ಗಾಳಿಯಲ್ಲಿದೆ.”

ಸಂಪಾದಕರು ಫೋನು ಮಾಡಿ, "ಎಡಗೈ ಅಂತ ಅಷ್ಟು ದೊಡ್ಡದಾಗಿ ಹಾಕಬೇಕೇನ್ರಿ?" ಅಂದರು. ಇನ್ನೂ ದೊಡ್ಡದಾಗಿ ಹಾಕಿ ಅಂದೆ. ಗಲ್ಲಾದ ಕಾಯಿದೆ ತೆಗೆದಿದ್ದೇನೆ. ಭಾಗಣ್ಣ ಇನ್ನೂ ಬೋಣಿ ಹೊತ್ತಿಗೆ ಮಾತ್ರ ಹಿಂದೆಮುಂದೆ ನೋಡುತ್ತಾನೆ.

ಇನ್ನು ವ್ಯಾಪಾರಿಯಾಗಿ ಒಂದು ಮಾತು. ಗೆರೆ ತಿರುಗಿಸಿ ಬಲಗೈ ಹಕ್ಕಿಯನ್ನೂ ಮಾಡು. ಎಡಗೈಯದನ್ನು ಬಿಡಬೇಡ, ಅದು ಮೊದಲು. ಆದರೆ ಬಲಗೈ ಮಕ್ಕಳು ಬಹಳ ಇದ್ದಾರೆ, ಅವರೂ ಮಕ್ಕಳೇ. ಅತೀಕರಿಗೆ ಹೇಳು, ಈದ್ ಮರುದಿನ ಏನು ತೆಗೆಯಬೇಕೆಂದು ನಿಶ್ಚಯಿಸುವ ಮೊದಲು ಸಂಚಿಕೆ ಓದಲಿ.

ನನಗೆ ನವಿಲು ಯಾವಾಗ?

ಪಂಪಣ್ಣ


ರಂಗಂಪೇಟ
6 ಏಪ್ರಿಲ್ 2025

ಪಂಪಣ್ಣ ಕಾಕಾಗೆ,

ಸಲಾಮ್. ನಿಮ್ಮ ಯುಗಾದಿ, ನಮ್ಮ ಈದ್ ಬೆನ್ನಿಗೆ ಬೆನ್ನು ಹಚ್ಚಿ ಬಂದವು. ನೀವು ಕಳಿಸಿದ ಹೋಳಿಗೆ ಬಸ್ಸಿನಿಂದ ಇಳಿಯುವಾಗ ಬೆಚ್ಚಗೇ ಇತ್ತು. ಕಂಡಕ್ಟರ್ ಒಂದನ್ನು ಇಟ್ಟುಕೊಂಡಿದ್ದು ತಾನೇ ಹೇಳಿದ. ಸಂಚಿಕೆಯೂ ಹಬ್ಬಕ್ಕೆ ವಾರ ಮೊದಲೇ ಅವನ ಕೈಯಲ್ಲೇ ಬಂದಿತ್ತು. ಅಣ್ಣ ಅದನ್ನು ಕಸಿದುಕೊಂಡು ಹೋಗಿ ಜಗುಲಿಯಲ್ಲಿ ಮೋಟರಿನ ಮೇಲೆ ಕೂತು ಓದಿದ. ಸಂಜೆ ಬಂದು, "ಬಲಗೈದು ಮಾಡಿ ತೋರ್ಸು" ಅಂದ.

ಮಾಡಲು ಕೂತೆ ಕಾಕಾ. ಗೆರೆ ತಿರುಗಿಸಬೇಕಾದರೆ ಕಮಾನು ಬಲಗೈಗೆ ಬರಬೇಕು. ಬಂತು. ಮೊಳಕೈ ಗೋಡೆಗೆ ಬಡಿಯಿತು. ಅಜ್ಜ ಬಡಿದುಕೊಂಡ ಜಾಗದಲ್ಲೇ ಇರಬೇಕು, ಅಲ್ಲಿ ಸುಣ್ಣ ಮೊದಲೇ ಒಳಕ್ಕೆ ಹೋಗಿದೆ. ಓರೆ ಕೂತು, ಉಸಿರು ಹಿಡಿದು ಹೇಗೋ ಒಂದು ಗುಬ್ಬಿ ಮಾಡಿದೆ. ಅಣ್ಣ ರೂಢಿಯ ಎಡಗೈಯಲ್ಲೇ ಎಳೆದ. ಎಡಕ್ಕೆ ಬಿತ್ತು. ನಾನು ಎಳೆದೆ, ಎಡಕ್ಕೆ. ಕಣ್ಣು ಮುಚ್ಚಿ ಸೇರಿಸುವ ಸಣ್ಣವಳು ಕಣ್ಣು ಬಿಟ್ಟು ಎಳೆದಳು, ಎಡಕ್ಕೇ. ನಮ್ಮ ಮನೆಯಲ್ಲಿ ಯಾರಿಗೂ ಬರಲಿಲ್ಲ. ಶಹಾಪುರದ ಮಕ್ಕಳ ಮರ್ಯಾದೆ ಉಳಿಯಿತು.

ಅಣ್ಣನಿಗೆ ಹಟ ಬಂತು. ಮಂಚದವರು ಬಂದು ಕೇಳಿದರೆ, "ತಡೀರಿ, ಇದೊಂದು ಕುಂಡ್ರಲಿ" ಅನ್ನುತ್ತಾನೆ. ಅಮ್ಮಿ, "ಮದಿಮಗಾ ನೆಲದ ಮ್ಯಾಲ ಮಲಗಬೇಕೇನು?" ಅಂದರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಈದ್ ಮರುದಿನ ಬೆಳಿಗ್ಗೆ ಕೋಣೆಯಲ್ಲಿ ಸುತ್ತಿಗೆಯ ಸಪ್ಪಳ ಕೇಳಿತು. ಹೇಳಿದ ದಿನವೇ ಹೇಳಿದ ಕೆಲಸ ಮಾಡುವವ ಅವನು. ಓಡಿ ಹೋದೆ. ಧೂಳಿನಲ್ಲಿ ಏನೂ ಕಾಣಲಿಲ್ಲ. ಧೂಳು ಕೂತಾಗ ಕಂಡದ್ದು: ಅಜ್ಜನ ಖರಾದಿ ಇದ್ದಲ್ಲೇ ಇದೆ, ಮೇಲೆ ಅಮ್ಮಿಯ ಹಳೆಯ ಸೀರೆ ಹೊದಿಸಿದ್ದಾನೆ. ಅದರ ಬಲಕ್ಕೆ ಗೋಡೆ ಇಲ್ಲ.

"ಏನ್ ನೋಡ್ತಿ? ಮೊಳಕೈ ಬಡೀತದ ಅಂದಿದ್ದಿಲ್ಲ?" ಅಂದ.

ಗೋಡೆಯ ಆಚೆ ನಮ್ಮದೇ ಆಡಿನ ಕೊಟ್ಟಿಗೆ. ಈಗ ಅರ್ಧ ಕೊಟ್ಟಿಗೆಯಲ್ಲಿ ಮೋಟರು ಕೂತಿದೆ, ಅರ್ಧದಲ್ಲಿ ಆಡು. ನಾನು ಎರಡೂ ಕೈಯಿಂದ ಕಮಾನು ಎಳೆಯಬಹುದು. ಮೂರು ತಲೆಮಾರಿನಿಂದ ಯಾರಿಗೂ ಹೊಳೆಯದ್ದು ಇವನಿಗೆ ಹೊಳೆಯಿತು. ಅವನಿಗೆ ಮಾತ್ರ ಹೇಳಬೇಡಿ, ಮಂಚದ ಕೆಲಸವನ್ನೂ ಬಿಟ್ಟಾನು.

ಈ ಡಬ್ಬಿಯಲ್ಲಿ ಚೀಟಿ ಹೊಸದು, ಯಾವ ಕೈ ಅಂತ ಎದ್ದು ಕಾಣುವ ಹಾಗೆ ಬರೆದಿದ್ದೇನೆ. ನವಿಲು ಕೂಡ ಇದೆ. ಅದು ನಿಮಗಲ್ಲ. ಯಾದಗಿರಿಗೆ ಹೋದಾಗ ಮಲ್ಲೇಶ್ವರಿಗೆ ಕೊಡಿ, ಅವಳು ಎಡಗೈ ಚಾಚಿದರೆ ಅದೇ ಕೈಗೆ ಕೊಡಿ. ತಲೆದಿಂಬಿನ ಕೆಳಗೆ ಇಡಬೇಡ ಅಂತ ನಾನು ಹೇಳಿದ್ದೇನೆ ಅನ್ನಿ, ಕೇಳುವುದಿಲ್ಲ ಅಂತ ನನಗೆ ಗೊತ್ತಿದೆ. ನಿಮಗೆ ಇನ್ನೂ ಕೌಜುಗ ಬಾಕಿ ಇದೆ. ನೀವು ಬರೆಯಲಿಲ್ಲ, ಆದರೆ ಮಾರ್ಚ್ ಒಂದರ ಕಾಗದದಲ್ಲಿ ಗುಬ್ಬಿ, ಗಿಳಿ, ಬೆಳವ, ಟಿಟ್ಟಿಭ ಹಾಡಿದ್ದವು. ಐದನೆಯದರ ಸುದ್ದಿ ಇರಲಿಲ್ಲ.

ಇದನ್ನು ಬರೆಯುತ್ತಿರುವಾಗ ಕೊಟ್ಟಿಗೆ ಕಡೆ ಅಣ್ಣ ಕೂಗಿದ. ಬಲಗೈ ಗುಬ್ಬಿ ಗೂಡಿನಲ್ಲಿ ಕೂತಿದೆ. ಹಾಡುತ್ತಿದೆ. ಅವನು ಅಲ್ಲಾಡದೆ ನಿಂತಿದ್ದಾನೆ, ಬೀಳಬಾರದು ಅಂತ ಉಸಿರು ಸಹ ಬಿಡುತ್ತಿಲ್ಲ. ಒಡೆದ ಗೋಡೆಯಿಂದ ಆಡು ಕತ್ತು ಚಾಚಿ ಕಿವಿ ನಿಗುರಿಸಿದೆ. ನಾನು ಹೋಗಿ ಕೇಳುತ್ತೇನೆ ಕಾಕಾ.

ನಜೀಮಾ